ಅನಾಸಕ್ತಿಯೂ ಅನಾದರವೂ

ಸಂಸಾರೀ ಜೀವನಿಗೆ ಅನಾದಿಯಿಂದ ಅಂಟಿಬಂದ ಸಂಜ್ಞೆಗಳು ನಾಲ್ಕು: ಆಹಾರ, ಭಯ, ಮೈಥುನ, ಪರಿಗ್ರಹ. ಇವುಗಳಲ್ಲಿ ಆಹಾರಸಂಜ್ಞೆಯನ್ನು ಮೊದಲು ಎಣಿಸಿರುವುದು ಆಕಸ್ಮಿಕವಲ್ಲ. ಏಕೇಂದ್ರಿಯ ಜೀವದಿಂದ ಹಿಡಿದು ಚಕ್ರವರ್ತಿಯವರೆಗೆ ಎಲ್ಲರೂ ಅದಕ್ಕೆ ಅಧೀನರು. ಆದರೆ ಅಧೀನರಾಗಿರುವ ರೀತಿ ಒಂದೇ ಬಗೆಯದಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನು ಎಲೆಯ ಮೇಲಿನ ಪದಾರ್ಥದ ಬಣ್ಣ, ಹದ, ಪರಿಮಳಗಳನ್ನು ಗಮನಿಸಿ ಸವಿದು ಉಣ್ಣುತ್ತಾನೆ. ಮತ್ತೊಬ್ಬನು ಏನು ಬಡಿಸಿದರೆಂಬುದನ್ನೂ ನೋಡದೆ ಉಂಡು, ಕೈತೊಳೆದು ಏಳುತ್ತಾನೆ. ಮೊದಲನೆಯವನನ್ನು ಭೋಜನಪ್ರಿಯನೆಂದು ಲೋಕವು ನಗುತ್ತದೆ. ಎರಡನೆಯವನನ್ನು 'ಅವರಿಗೆ ಊಟದ ಗೊಡವೆಯೇ ಇಲ್ಲ, ಅರ್ಧ ಸಂನ್ಯಾಸಿ' ಎಂದು ಹೊಗಳುತ್ತದೆ. ಈ ಹೊಗಳಿಕೆ ಆಗಮದ ಮುಂದೆ ನಿಲ್ಲತಕ್ಕದ್ದೇ ಎಂಬುದು ವ್ರತ ಹಿಡಿಯುವ ಪ್ರತಿಯೊಂದು ಮನೆಯೂ ವಿಚಾರಿಸಬೇಕಾದ ಸಂಗತಿ.

ವಿಚಾರಕ್ಕೆ ಕೊಡಗಿನ ಸೀಮೆ ಒಳ್ಳೆಯ ನಿದರ್ಶನ. ಅನ್ನವನ್ನು ಆದರಿಸುವುದರಲ್ಲಿ ಆ ನಾಡಿನವರಿಗೆ ಸಾಟಿಯಾದವರು ವಿರಳ. ಅಕ್ಕಿ ಒಂದೇ, ಅದು ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿಒಟ್ಟಿ ಎಂದು ನಾನಾ ರೂಪ ತಾಳುತ್ತದೆ. ಹಬ್ಬಹಬ್ಬಕ್ಕೂ ತಿನಿಸು ನಿಶ್ಚಿತ. ಪುತ್ತರಿಯಲ್ಲಿ ಬಾಳೆಹಣ್ಣಿಗೆ ಹುರಿದಕ್ಕಿಯ ಹಿಟ್ಟು ಕಲಸಿದ ತಂಬುಟ್ಟು. ಕಾವೇರಿ ಸಂಕ್ರಮಣದಂದು ದೋಸೆ ಮತ್ತು ಕುಂಬಳಕಾಯಿಯ ಪಲ್ಯ. ಕಕ್ಕಡ ಮಾಸದ 18ನೆಯ ದಿನ, ಎಂದರೆ ಸಾಮಾನ್ಯವಾಗಿ ಆಗಸ್ಟ್ 3ರಂದು, ಮನೆಮನೆಯಲ್ಲಿಯೂ ಮದ್ದುಸೊಪ್ಪಿನ ಪಾಯಸ. ಆಟಿಸೊಪ್ಪೆಂದೂ ಹೆಸರುಳ್ಳ ಈ ಗಿಡದಲ್ಲಿ ಆ ಒಂದು ದಿನ 18 ಬಗೆಯ ಔಷಧಗಳು ಸೇರಿರುತ್ತವೆಂಬುದು ನಾಡಿನ ನಂಬಿಕೆ. ಎಲೆಯನ್ನು ಕುದಿಸಿದ ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಸಿಹಿ ಮತ್ತು ತೆಂಗಿನ ಹಾಲನ್ನು ಬೆರೆಸುತ್ತಾರೆ. ಮಳೆ ಬಿರುಸಾಗಿರುವ ಅದೇ ದಿನಗಳಲ್ಲಿ ಬಿದಿರಿನ ಕಣಿಲೆ, ಕಾಡಿನ ಅಣಬೆ, ಕೆಸುವಿನ ಎಲೆಗಳೂ ಅಡುಗೆಮನೆಗೆ ಬರುತ್ತವೆ. ಮಾಂಸದ ಮಾತನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ; ಆದರೆ ಒಂದು ವಿಷಯವನ್ನು ನ್ಯಾಯವಾಗಿ ಹೇಳಲೇಬೇಕು. ಊರ ದೇವರ ಉತ್ಸವಕ್ಕೆ 'ಕಟ್ಟು' ಬಿದ್ದಿತೆಂದರೆ ಇದೇ ಭೋಜನಪ್ರಿಯ ಜನ ಊರಿಗೆ ಊರೇ ಮಾಂಸವನ್ನು ಬಿಟ್ಟು ನಿಲ್ಲುತ್ತದೆ. ಸಂಕ್ರಮಣದ ದಿನವೂ ಹಾಗೆಯೇ. ಸವಿದು ಉಣ್ಣಬಲ್ಲವನಿಗೆ ತಾನು ಬಿಡುತ್ತಿರುವುದು ಏನೆಂಬುದರ ಅರಿವಿರುತ್ತದೆ.

ಈ ಸುಗ್ಗಿಯ ನಡುವೆಯೇ ಶ್ರಾವಕನ ಚಾತುರ್ಮಾಸ್ಯ ಬರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ನೆಲ, ಗೋಡೆ, ಎಲೆ, ಧಾನ್ಯ ಎಲ್ಲವೂ ತೇವ, ತೇವವಿದ್ದಲ್ಲಿ ಜೀವೋತ್ಪತ್ತಿ. ಆದುದರಿಂದಲೇ ಮಳೆಗಾಲದಲ್ಲಿ ಸೊಪ್ಪನ್ನು ತ್ಯಜಿಸುವ ಪದ್ಧತಿ ಬಂದಿತು. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನವಾದರೆ ಮಳೆಗಾಲದಲ್ಲಿ 3 ದಿನ ಮಾತ್ರ. ಕೊಡಗಿನಲ್ಲಿ ಡಬ್ಬಿಯ ಮುಚ್ಚಳ ತೆರೆದು ಮೂಸಿನೋಡಿದ ಗೃಹಿಣಿಗೆ ಈ ಲೆಕ್ಕವನ್ನು ಯಾರೂ ಸಮರ್ಥಿಸಿ ಹೇಳಬೇಕಾಗಿಲ್ಲ. ಕಣಿಲೆಯು ಎಳೆಯ ಮೊಳಕೆ, ಅನಂತಕಾಯ. ಮೇಲಾಗಿ ಅದನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಯಿಟ್ಟೇ ಅಡಬೇಕು. ಅಣಬೆಯೂ ವರ್ಜ್ಯ. ಆ ಬೆಟ್ಟಗಳ ಹೆಸರಾಂತ ಜೇನು ಮದ್ಯ ಮಾಂಸಗಳ ಜೊತೆಗೆ ಮೂರನೆಯ ಮಕಾರವಾಗಿ ಅಷ್ಟಮೂಲಗುಣದಲ್ಲಿಯೇ ನಿಷಿದ್ಧ. ಹೀಗೆ ನಾಡೆಲ್ಲ ಉಣ್ಣುವ ಕಾಲ ಶ್ರಾವಕನಿಗೆ ಬಿಡುವ ಕಾಲವಾಗುತ್ತದೆ.

ಇಂಥ ಕಾಲದಲ್ಲಿ ಮನೆಯ ಉದಾಸೀನನ ಗತಿ ಏನು? ಆತನಿಗೆ ಪಾಯಸದ ಆಸೆಯಿಲ್ಲ, ಕಣಿಲೆಯ ಹಂಬಲವಿಲ್ಲ. ಆದುದರಿಂದ ವ್ರತವು ಆತನಿಗೆ ಸುಲಭವೆಂದು ತೋರುತ್ತದೆ. ವಾಸ್ತವವಾಗಿ ಆತನು ವ್ರತದ ಹೊಸ್ತಿಲನ್ನೇ ತುಳಿದಿರುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವ್ರತದ ಲಕ್ಷಣವನ್ನು ಹೇಳುವಾಗ, ಸೇವಿಸಲು ಯೋಗ್ಯವಾದ ವಿಷಯವನ್ನೂ ಸಂಕಲ್ಪಪೂರ್ವಕವಾಗಿ ಬಿಡುವುದೇ ವ್ರತವೆಂದು ನಿರ್ಣಯಿಸಿದ್ದಾರೆ. ಸಂಕಲ್ಪವಿಲ್ಲದ ಬಿಡುವಿಕೆ ಬರಿಯ ಅಭಾವ. ಬಡವನ ಮನೆಯಲ್ಲಿ ತುಪ್ಪವಿಲ್ಲವೆಂದಮಾತ್ರಕ್ಕೆ ಆತನು ಘೃತತ್ಯಾಗಿಯಲ್ಲ. ನಾಲಿಗೆಗೆ ರುಚಿಯ ಗೊಡವೆಯಿಲ್ಲವೆಂದಮಾತ್ರಕ್ಕೆ ಯಾರೂ ರಸತ್ಯಾಗಿಯಲ್ಲ.

ಇನ್ನೂ ಒಂದು ತೊಡಕುಂಟು. 'ಏನಾದರೂ ಸರಿ' ಎನ್ನುವವನು ಏನನ್ನಾದರೂ ತಿನ್ನುತ್ತಾನೆ. ಪರಸ್ಥಳದಲ್ಲಿ ಸಿಕ್ಕಿದ ಪೊಟ್ಟಣವನ್ನು ಒಡೆದು, ಒಳಗೆ ಏನಿದೆಯೆಂದು ಓದದೆ ಬಾಯಿಗೆ ಹಾಕುತ್ತಾನೆ. ಭಾರತದಲ್ಲಿ ಸಸ್ಯಾಹಾರದ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಇರಬೇಕೆಂಬ ನಿಯಮ ಜಾರಿಯಲ್ಲಿದೆ; ಆ ಚುಕ್ಕೆಗೆ ಕಂದಮೂಲ ತಿಳಿಯದು, ಮರ್ಯಾದೆಯ ದಿನ ತಿಳಿಯದು, ಜೇನು ತಿಳಿಯದು. ಚುಕ್ಕೆಯನ್ನೂ ನೋಡದವನ ವಿಷಯವಂತೂ ಹೇಳುವುದೇ ಬೇಡ. ಮನೆಯಲ್ಲಿ ಆತನ ವ್ರತ ಕೆಡದೆ ಉಳಿದಿದ್ದರೆ ಅದು ಆತನ ವೈರಾಗ್ಯದಿಂದಲ್ಲ, ಮನೆಯಾಕೆಯ ಎಚ್ಚರದಿಂದ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಅದೇ ಬಾವಿಗೆ ಮರಳಿ ಬಿಡುವವಳು ಆಕೆ. ಬೇಳೆಯನ್ನು ಬೆಳಕಿಗೆ ಹಿಡಿದು ಆರಿಸುವವಳು ಆಕೆ. ಕಾರ್ಮೋಡದಿಂದ ಮಧ್ಯಾಹ್ನವೇ ಮುಸ್ಸಂಜೆಯಂತಾಗುವ ಆಷಾಢದಲ್ಲಿ ಗಡಿಯಾರವನ್ನು ನೋಡುತ್ತ, ಅಸ್ತಮಾನಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮೊದಲೇ ಎಲ್ಲರ ಊಟ ಮುಗಿಯುವಂತೆ ಒಲೆಯ ಮುಂದೆ ಧಾವಿಸುವವಳೂ ಆಕೆಯೇ. ಇಷ್ಟೆಲ್ಲ ಮಾಡಿ ಬಡಿಸಿದ ಎಲೆಯನ್ನು ಒಮ್ಮೆಯೂ ನೋಡದೆ ಉಂಡೆದ್ದು, 'ನನಗೆ ಊಟದಲ್ಲಿ ಆಸಕ್ತಿಯಿಲ್ಲ' ಎನ್ನುವುದು ಧರ್ಮವಲ್ಲ. ಅದು ತನ್ನ ವ್ರತದ ಭಾರವನ್ನು ಇನ್ನೊಬ್ಬರ ಹೆಗಲಿಗೆ ಹೊರಿಸಿ ಪುಣ್ಯವನ್ನು ತನ್ನ ಹೆಸರಿಗೆ ಬರೆಯಿಸಿಕೊಳ್ಳುವುದು.

ಇಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನೆನಪಿಗೆ ಬರಬೇಕು. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೊದಲ ಮೂರು ನೋಡದೆ, ಗುಡಿಸದೆ ಮಾಡುವ ಕ್ರಿಯೆಗಳು. ಉಳಿದೆರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಹಸಿವಿನಿಂದ ಬಳಲಿ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹ ಕಳೆದುಕೊಳ್ಳುವುದು ಅನಾದರ. ಮಾಡಬೇಕಾದುದನ್ನು ಮರೆಯುವುದು ಸ್ಮೃತ್ಯನುಪಸ್ಥಾನ. ಉಪವಾಸದ ದಿನ ಅನ್ನವನ್ನು ಮುಟ್ಟದೆ ಇದ್ದರೂ ಇವು ವ್ರತಕ್ಕೆ ಕಳಂಕ ತರುತ್ತವೆ. ಹಾಗಿದ್ದಮೇಲೆ ಉಣ್ಣುವ ದಿನದ ಅನಾದರವು ಗುಣವಾಗುವುದು ಹೇಗೆ? ಅನಾಸಕ್ತಿ ಬೇರೆ, ಅನಾದರ ಬೇರೆ. ಒಂದು ರಾಗದ ಕ್ಷಯ, ಇನ್ನೊಂದು ಪ್ರಮಾದ.

ಎರಡರ ಅಂತರವನ್ನು ಮುನಿಗಳ ಆಹಾರಚರ್ಯೆಯಲ್ಲಿ ಕಣ್ಣಾರೆ ಕಾಣಬಹುದು. ಲೋಕದಲ್ಲಿ ಅವರಷ್ಟು ಊಟದಿಂದ ವಿರಕ್ತರಾದವರಿಲ್ಲ. ಅವರಷ್ಟು ಗಮನವಿಟ್ಟು ಉಣ್ಣುವವರೂ ಇಲ್ಲ. ದಿನಕ್ಕೆ ಒಮ್ಮೆ, ನಿಂತು, ಕರಪಾತ್ರದಲ್ಲಿ ಆಹಾರ. 46 ದೋಷಗಳ ಪರಿಹಾರ, 32 ಅಂತರಾಯಗಳ ಪಾಲನೆ. ಅಂಜಲಿಗೆ ಬಿದ್ದ ಪ್ರತಿಯೊಂದು ತುತ್ತನ್ನೂ ಶೋಧಿಸಿಯೇ ಬಾಯಿಗೆ ಒಯ್ಯುತ್ತಾರೆ; ಒಂದು ಕೂದಲು ಕಂಡರೆ ಅಂದಿನ ಆಹಾರ ಅಲ್ಲಿಗೇ ಸಮಾಪ್ತಿ. ಅವರ ಭಿಕ್ಷಾವೃತ್ತಿಗೆ ಶಾಸ್ತ್ರಕಾರರು ಕೊಟ್ಟ ಐದು ಹೋಲಿಕೆಗಳು ಮನನಯೋಗ್ಯ. ಹುಲ್ಲು ತಂದವಳ ಒಡವೆ ಸೀರೆಗಳತ್ತ ನೋಡದೆ ಹುಲ್ಲನ್ನಷ್ಟೇ ಮೇಯುವ ಹಸುವಿನಂತೆ ಗೋಚರಿ. ಗಾಡಿ ಸಾಗಲೆಂದು ಅಚ್ಚಿಗೆ ಎಣ್ಣೆ ಹಚ್ಚಿದಂತೆ ಅಕ್ಷಮ್ರಕ್ಷಣ. ಮನೆಗೆ ಹತ್ತಿದ ಬೆಂಕಿಯನ್ನು ಸಿಕ್ಕಿದ ನೀರಿನಿಂದ ಆರಿಸುವಂತೆ ಉದರಾಗ್ನಿಪ್ರಶಮನ. ಹೂವನ್ನು ನೋಯಿಸದ ದುಂಬಿಯಂತೆ ಭ್ರಾಮರಿ. ಗುಂಡಿಯನ್ನು ದೊರೆತ ಮಣ್ಣಿನಿಂದ ತುಂಬುವಂತೆ ಶ್ವಭ್ರಪೂರಣ. ಉದಾಸೀನನು ಈ ಕೊನೆಯ ಮಾತನ್ನು ತನ್ನ ಪಕ್ಷಕ್ಕೆ ಎಳೆದುಕೊಳ್ಳಬಹುದು: 'ತಾನೂ ಗುಂಡಿ ತುಂಬುವವನೇ ಅಲ್ಲವೆ?' ಅಲ್ಲ. ಮುನಿಯು ಸ್ವಾದು, ಅಸ್ವಾದುಗಳ ಭೇದವನ್ನು ಬಿಟ್ಟಿದ್ದಾನೆಯೇ ಹೊರತು ಶುದ್ಧಾಶುದ್ಧಗಳ ಭೇದವನ್ನು ಬಿಟ್ಟಿಲ್ಲ. ನಾಲಿಗೆ ನಿದ್ರಿಸಿದೆ; ಕಣ್ಣು ಎಚ್ಚರವಾಗಿದೆ. ಗೃಹಸ್ಥ ಉದಾಸೀನನಲ್ಲಿ ಎರಡೂ ನಿದ್ರಿಸಿರುತ್ತವೆ.

ಕೊಡಗಿನ ನೆಲಕ್ಕೆ ಈ ಚರ್ಯೆ ಅಪರಿಚಿತವಲ್ಲ. ದಕ್ಷಿಣ ಕೊಡಗಿನ ಪೆಗ್ಗೂರಿನ ಶಾಸನದಲ್ಲಿ 978ರಲ್ಲಿ ಗಂಗವಂಶದ ರಕ್ಕಸನು ಶ್ರವಣಬೆಳ್ಗೊಳದ ಅನಂತವೀರ್ಯರಿಗೆ ಪೆರ್ಗದೂರನ್ನು ಬಿಟ್ಟುಕೊಟ್ಟ ದಾನ ದಾಖಲಾಗಿದೆ. ಉತ್ತರದಲ್ಲಿ ಶನಿವಾರಸಂತೆಯ ಬಳಿಯ ಮುಳ್ಳೂರು ಕೊಂಗಾಳ್ವರ ಕಾಲದ ಜೈನಕೇಂದ್ರ. ಶಾಂತಿನಾಥ, ಪಾರ್ಶ್ವನಾಥ, ಚಂದ್ರನಾಥ ಬಸದಿಗಳು ಅಲ್ಲಿ ಇಂದಿಗೂ ನಿಂತಿವೆ. 1058ರಲ್ಲಿ ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ ಬಸದಿಗೆ ದತ್ತಿ ಬಿಟ್ಟನು. ಆತನ ತಾಯಿ ಪೋಚಬ್ಬರಸಿಯು ತನ್ನ ಗುರು ಗುಣಸೇನ ಪಂಡಿತರ ಪ್ರತಿಮೆಯನ್ನು ಮಾಡಿಸಿದಳು. ಆ ಗುಣಸೇನರು 1064ರಲ್ಲಿ ದೇಹತ್ಯಾಗ ಮಾಡಿದರು. ಗುರುಗಳು ಇದ್ದ ಊರಿನಲ್ಲಿ ಅವರಿಗೆ ಆಹಾರವಿತ್ತ ಅಡುಗೆಮನೆಗಳೂ ಇದ್ದಿರಲೇಬೇಕು. ಶಿಲೆಯ ಮೇಲೆ ಅವುಗಳ ಹೆಸರಿಲ್ಲ.

ಆ ಅಡುಗೆಮನೆಗಳಲ್ಲಿ ಬೇಕಾಗಿದ್ದುದು ಯಾರ ಗುಣ, ಭೋಜನಪ್ರಿಯನದೋ ಉದಾಸೀನನದೋ? ದಾತೃವಿನ ಏಳು ಗುಣಗಳಲ್ಲಿ ಶ್ರದ್ಧೆ, ಭಕ್ತಿ, ಕ್ಷಮೆಗಳ ಜೊತೆಗೆ ವಿಜ್ಞಾನವನ್ನೂ ಹೇಳಿದೆ. ಯಾವ ಋತುವಿಗೆ ಯಾವ ಆಹಾರ ಪಥ್ಯ, ಯಾವ ಮುನಿಗಳು ಯಾವ ರಸವನ್ನು ಬಿಟ್ಟಿದ್ದಾರೆ, ಉಪವಾಸದಿಂದ ಬಳಲಿದ ದೇಹಕ್ಕೆ ಮೊದಲು ಏನನ್ನು ಕೊಡಬೇಕು ಎಂಬ ತಿಳಿವಳಿಕೆಯೇ ಅದು. ಅಕ್ಕಿಯ ಹದವನ್ನು ಬೆರಳಿನಲ್ಲಿ ಅರಿಯಬಲ್ಲವಳು, ಹಾಲು ಕಂದಿದುದನ್ನು ವಾಸನೆಯಿಂದಲೇ ಹೇಳಬಲ್ಲವಳು ಈ ವಿಜ್ಞಾನಕ್ಕೆ ಹತ್ತಿರದಲ್ಲಿದ್ದಾಳೆ. ಭೋಜನಪ್ರಿಯತೆಯಿಂದ ಲೋಲುಪತೆಯನ್ನು ಸೋಸಿ ತೆಗೆದರೆ ಉಳಿಯುವುದು ಇದೇ. ಉದಾಸೀನತೆಯನ್ನು ಎಷ್ಟು ಸೋಸಿದರೂ ಏನೂ ಉಳಿಯುವುದಿಲ್ಲ.

ಇಷ್ಟು ಹೇಳಿದುದರಿಂದ ಭೋಜನಪ್ರಿಯನು ಹಿಗ್ಗಬೇಕಾಗಿಲ್ಲ. ಪ್ರೋಷಧದ ಕ್ರಮದಲ್ಲಿ ಉಪವಾಸದ ಹಿಂದಿನ ದಿನವೂ ಮರುದಿನವೂ ಏಕಭುಕ್ತ. ಆತನಾದರೋ ಚತುರ್ದಶಿ ನಾಳೆಯಿದೆಯೆಂದು ತ್ರಯೋದಶಿಯಂದೇ ಎರಡು ದಿನದ್ದನ್ನು ಒಳಗೆ ತುಂಬುತ್ತಾನೆ. ಉಪವಾಸದ 16 ಪ್ರಹರಗಳಲ್ಲಿ ಎಂಟು ಪ್ರಹರ ಪಾರಣೆಯ ಪಟ್ಟಿ ಮಾಡುತ್ತಾನೆ. ರಸಪರಿತ್ಯಾಗದಲ್ಲಿಯೂ ಆತನ ಜಾಣ್ಮೆ ಅಪಾರ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಹಾಲನ್ನು ಬಿಟ್ಟ ದಿನ ಬೆಲ್ಲದ ಕಾಫಿ, ಬೆಲ್ಲವನ್ನು ಬಿಟ್ಟ ದಿನ ಹಾಲಿನ ಕಾಫಿ! ಕಾಫಿಯ ನಾಡಿನಲ್ಲಿ ನಿಜವಾದ ಏಳನೆಯ ರಸ ಯಾವುದೆಂಬುದು ಮುಂಜಾನೆ ಉಪವಾಸದ ತಲೆನೋವಿನಿಂದ ಬಳಲಿದವರಿಗೆಲ್ಲ ಗೊತ್ತು. ತಾನು ಯಾವುದನ್ನು ಬಿಡಲಾರೆನೆಂಬುದನ್ನು ಆತನು ಬಲ್ಲನು. ಅದನ್ನೇ ಹಿಡಿದು ಸಂಕಲ್ಪ ಮಾಡಬೇಕು. ಒಪ್ಪತ್ತಿನ ಅವಮೌದರ್ಯವೂ ಇಂಥವನಿಗೆ ಒಳ್ಳೆಯ ಔಷಧ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂದು ಎಣಿಕೆಯುಂಟು. ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ತಪಸ್ಸೇ. ಎಣಿಸಿ ಉಣ್ಣುವವನು ಮಾತ್ರ ಈ ತಪಸ್ಸನ್ನು ಮಾಡಬಲ್ಲನು.

ಇನ್ನು ಮನೆಯ ಹಿರಿಯರು ಗಂಭೀರವಾಗಿ ಗಮನಿಸಬೇಕಾದ ಮಾತೊಂದಿದೆ. ಊಟದಲ್ಲಿ ನಿರಾಸಕ್ತಿ ಎಷ್ಟೋ ಸಲ ವೈರಾಗ್ಯವೂ ಅಲ್ಲ, ಪ್ರಮಾದವೂ ಅಲ್ಲ, ಅದು ರೋಗ. ವೃದ್ಧರಿಗೆ ಅರುಚಿ ಹತ್ತಿದಾಗ, ಶೋಕದಲ್ಲಿರುವವರು ಎಲೆಯನ್ನು ದೂರ ತಳ್ಳಿದಾಗ, ಪ್ರಾಯದ ಹೆಣ್ಣುಮಗಳು ದಿನದಿನಕ್ಕೆ ಕೃಶಳಾಗುತ್ತ 'ಇಂದು ಉಪವಾಸ, ನಾಳೆಯೂ ಉಪವಾಸ' ಎಂದಾಗ ಬಂಧುಗಳು ಅದನ್ನು ತಪಸ್ಸೆಂದು ಕೊಂಡಾಡಬಾರದು. ಯಥಾಶಕ್ತಿ ಎಂಬ ಮಾತು ತಪಸ್ಸಿಗೂ ತ್ಯಾಗಕ್ಕೂ ಅಂಟಿಕೊಂಡೇ ಬಂದಿದೆ. ಅಂಥವರನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು; ವ್ರತದ ಮಾತು ಆಮೇಲೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತು, ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿದಾಗ, ಸಮಾಜದವರು ಊರೂರುಗಳಲ್ಲಿ ಎರಡರ ಭೇದವನ್ನು ವಿವರಿಸಿದರು. ಆ ಭೇದವು ಅನ್ನವನ್ನು ಬಿಟ್ಟಿರುವುದರಲ್ಲಿ ಇಲ್ಲ, ಬಿಟ್ಟವನ ಪರಿಣಾಮದಲ್ಲಿದೆ. ಬದುಕುವ ಆಸೆಯಂತೆಯೇ ಸಾಯುವ ಆಸೆಯೂ ಸಲ್ಲೇಖನದ ಅತಿಚಾರ. ಬದುಕಿನಲ್ಲಿಯೇ ಬೇಸರ ಹುಟ್ಟಿ ಅನ್ನ ರುಚಿಸದಿರುವವನನ್ನು ಸಲ್ಲೇಖನಧಾರಿಯೆಂದು ಕರೆದರೆ ಆ ಭೇದವನ್ನು ಮನೆಯವರೇ ಅಳಿಸಿಹಾಕಿದಂತಾಗುತ್ತದೆ.

ಕೊಡಗಿನಲ್ಲಿ ನೆಲೆಸಿದ ಶ್ರಾವಕ ಕುಟುಂಬಕ್ಕೆ ಪರೀಕ್ಷೆ ಬರುವುದು ಹೆಚ್ಚಾಗಿ ನೆರೆಮನೆಯ ಕರೆಯ ರೂಪದಲ್ಲಿ. ಕಕ್ಕಡ ಹದಿನೆಂಟರ ಸಂಜೆ ಪಕ್ಕದ ಕೊಡವ ಮನೆಯಿಂದ ಪಾಯಸಕ್ಕೆ ಆಹ್ವಾನ ಬರುತ್ತದೆ. ಉದಾಸೀನನು 'ನನಗೆ ಅದೆಲ್ಲ ರುಚಿಸುವುದಿಲ್ಲ' ಎಂದು ಹೇಳಿ ಕರೆದವರ ಮನಸ್ಸನ್ನು ನೋಯಿಸುತ್ತಾನೆ. ಇಲ್ಲವೆ ಸುಮ್ಮನೆ ಉಂಡು ಬರುತ್ತಾನೆ. ಎರಡೂ ತರವಲ್ಲ. ವ್ರತಿಯಾದವನು ಹಿಂದಿನ ದಿನವೇ ಹೋಗಿ, ಈ ನಾಲ್ಕು ತಿಂಗಳು ಸೊಪ್ಪನ್ನು ಬಿಟ್ಟಿರುವುದನ್ನೂ ಅಸ್ತಮಾನದ ಮೇಲೆ ಏನನ್ನೂ ಸ್ವೀಕರಿಸದಿರುವುದನ್ನೂ ತಿಳಿಸಬೇಕು. ಪಾಯಸ ಒಳ್ಳೆಯದೆಂಬುದನ್ನು ಅಲ್ಲಗಳೆಯದೆಯೇ ತಿಳಿಸಬೇಕು. 'ಕಟ್ಟು' ಎಂದರೇನೆಂದು ಬಲ್ಲ ಜನಕ್ಕೆ ಇದು ಅರ್ಥವಾಗಲು ತಡವಾಗದು. ಮರುದಿನ ಬೆಳಕಿರುವಾಗಲೇ ಆತನು ಆ ಮನೆಯ ಜಗಲಿಯಲ್ಲಿ ಕುಳಿತರೆ, ಮನೆಯೊಡತಿ ಒಂದು ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿಗಳನ್ನು ತಂದಿಡುತ್ತಾಳೆ. ಆತನು ಹಣ್ಣನ್ನು ಸುಲಿದು, ಮುರಿದು ನೋಡಿ, ಬಾಯಿಗೆ ಹಾಕಿಕೊಳ್ಳುತ್ತಾನೆ.