ಬಲವುಳ್ಳವನು ಪ್ರಶ್ನೆಗೆ ಒಳಗಾಗಬೇಕೇಕೆ?

ಸದನದಲ್ಲಿ ಸ್ಪಷ್ಟ ಬಹುಮತವುಳ್ಳ ಸರ್ಕಾರವು ತಾನು ಬಯಸಿದ ಮಸೂದೆಗೆ ಅಂಗೀಕಾರ ಪಡೆಯಬಲ್ಲದು. ಗೆಲುವು ನಿಶ್ಚಿತವೆಂದು ತಿಳಿದಿರುವವನು ಎದುರಾಳಿಯ ಪ್ರಶ್ನೆಗಳಿಗೆ ಉತ್ತರಿಸುತ್ತ ಕಾಲ ಕಳೆಯಬೇಕಾದುದೇಕೆ? ಸಂಸದೀಯ ಸಮಿತಿಗಳ ವಿಚಾರದಲ್ಲಿ ಏಳುವ ಈ ಪ್ರಶ್ನೆ ಮೇಲುನೋಟಕ್ಕೆ ಆಡಳಿತಕ್ಕೆ ಸಂಬಂಧಿಸಿದ್ದು. ಮೂಲದಲ್ಲಿ ನೀತಿಗೆ ಸಂಬಂಧಿಸಿದ್ದು.

ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯು ಬ್ರಿಟಿಷರ ಆಳ್ವಿಕೆಯಲ್ಲಿಯೇ, 1921ರಲ್ಲಿ ಹುಟ್ಟಿತು. ಆಗ ಅದರ ಅಧ್ಯಕ್ಷರು ಸರ್ಕಾರದ ಹಣಕಾಸು ಸದಸ್ಯರೇ. ಹಣ ವೆಚ್ಚ ಮಾಡಿದವರೇ ಲೆಕ್ಕ ನೋಡುವ ಆ ವ್ಯವಸ್ಥೆಯ ದೋಷವನ್ನು, ದತ್ತಿಯ ಲೆಕ್ಕವನ್ನು ಹೊತ್ತ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. 1950ರಲ್ಲಿ ಸಮಿತಿಯು ಲೋಕಸಭಾಧ್ಯಕ್ಷರ ಅಧೀನಕ್ಕೆ ಬಂದಿತು. ಇಂದು ಅದರಲ್ಲಿ ಲೋಕಸಭೆಯ 15 ಹಾಗೂ ರಾಜ್ಯಸಭೆಯ 7 ಸದಸ್ಯರಿದ್ದಾರೆ; ಮಂತ್ರಿಗಳಿಗೆ ಅಲ್ಲಿ ಸ್ಥಾನವಿಲ್ಲ. 1967ರಲ್ಲಿ ಸ್ವತಂತ್ರ ಪಕ್ಷದ ಮಿನೂ ಮಸಾನಿಯವರು ಅಧ್ಯಕ್ಷರಾದಂದಿನಿಂದ ಆ ಪೀಠವು ವಿರೋಧ ಪಕ್ಷದವರಿಗೆ ಸಲ್ಲುತ್ತ ಬಂದಿದೆ. ಹಾಗೆ ಮಾಡಬೇಕೆಂದು ಯಾವ ಶಾಸನವೂ ವಿಧಿಸಿಲ್ಲ. ಅದೊಂದು ಸಂಪ್ರದಾಯ ಮಾತ್ರ. ಇದನ್ನು ಔದಾರ್ಯವೆಂದು ಹೊಗಳುವುದು ಅತಿಶಯವಾದೀತು. ಇಂದಿನ ಆಡಳಿತ ಪಕ್ಷಕ್ಕೆ ನಾಳೆ ತಾನೂ ಎದುರು ಸಾಲಿನಲ್ಲಿ ಕುಳಿತಿರಬಹುದೆಂಬ ಅರಿವಿದೆ. ಆದರೂ ತನ್ನ ಲೆಕ್ಕದ ಪುಸ್ತಕವನ್ನು ಪ್ರತಿಸ್ಪರ್ಧಿಯ ಕೈಗೆ ಕೊಡುವುದು ಸಣ್ಣ ಸಂಯಮವಲ್ಲ.

ಮಹಾಲೇಖಪಾಲರ ವರದಿಯನ್ನು ಮುಂದಿಟ್ಟುಕೊಂಡು ಈ ಸಮಿತಿಯು ಇಲಾಖೆಗಳ ಹಿರಿಯ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ಯಾರನ್ನೂ ದಂಡಿಸುವ ಅಧಿಕಾರ ಅದಕ್ಕಿಲ್ಲ. ಅದರ ಶಿಫಾರಸುಗಳಿಗೆ ಸರ್ಕಾರವು ಕಟ್ಟುಬಿದ್ದಿಲ್ಲ; ಆದರೆ ಏನು ಕ್ರಮ ಕೈಗೊಂಡಿತೆಂದು, ಒಪ್ಪದಿದ್ದರೆ ಏಕೆಂದು, ಬರಹದಲ್ಲಿ ತಿಳಿಸಬೇಕು. ಕಾರಣವನ್ನು ಹೇಳಬೇಕಾದ ಈ ಹೊಣೆಯೇ ಸಮಿತಿಯ ನಿಜವಾದ ಆಯುಧ.

ಸಮಿತಿಗಳ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಜನರ ಹಣವನ್ನೂ ಜನರ ಕಾನೂನನ್ನೂ ಕುರಿತ ಚರ್ಚೆ ಜನರ ಕಣ್ಣಿಗೆ ಬೀಳಬಾರದೆಂದರೆ ಹೇಗೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಸದನದಲ್ಲಿ ಎಲ್ಲರೆದುರು ಒಂದು ಮಾತನ್ನಾಡಿದ ಸದಸ್ಯನು ಅದರಿಂದ ಹಿಂದೆ ಸರಿದರೆ ಸೋತಂತೆ ಕಾಣುತ್ತಾನೆ. ಸಮಿತಿಯ ಕೋಣೆಯಲ್ಲಿ, ತಜ್ಞರ ಮಾತು ಕೇಳಿದ ಬಳಿಕ, ತನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳಲು ಅವನಿಗೆ ಅವಕಾಶವಿದೆ. ಈ ಗುಣವು ವರದಿಯು ಬಹಿರಂಗವಾಗುವವರೆಗಿನ ಮೌನಕ್ಕೆ ಸಮರ್ಥನೆಯಾಗಬಲ್ಲದು.

ಪಕ್ಷನಿಷ್ಠೆಯು ಬಾಗಿಲ ಹೊರಗೇ ನಿಲ್ಲುತ್ತದೆಂದು ಇದರ ಅರ್ಥವಲ್ಲ. 2011ರಲ್ಲಿ ಮುರಳಿ ಮನೋಹರ ಜೋಶಿಯವರ ಅಧ್ಯಕ್ಷತೆಯ ಲೆಕ್ಕಪತ್ರ ಸಮಿತಿಯು 2ಜಿ ತರಂಗಾಂತರ ಹಂಚಿಕೆಯನ್ನು ಕುರಿತ ಕರಡು ವರದಿಯ ಮೇಲೆಯೇ ಒಡೆಯಿತು. ಆಡಳಿತ ಪಕ್ಷಗಳ ಸದಸ್ಯರು ಅದನ್ನು ತಿರಸ್ಕರಿಸಿದರು, ಲೋಕಸಭಾಧ್ಯಕ್ಷರು ಹಿಂದಿರುಗಿಸಿದರು.

ಅದೇ ವೇಳೆ ಬಾಡಿಗೆ ತಾಯ್ತನದ ಮಸೂದೆಯ ಕಥೆ ಬೇರೆಯದನ್ನು ಹೇಳುತ್ತದೆ. 2019ರಲ್ಲಿ ಲೋಕಸಭೆಯ ಅಂಗೀಕಾರ ಪಡೆದ ಆ ಮಸೂದೆಯಂತೆ ದಂಪತಿಗಳ ಸಮೀಪ ಬಂಧುವಷ್ಟೇ ಅವರಿಗಾಗಿ ಗರ್ಭ ಧರಿಸಬಹುದಾಗಿತ್ತು. ಬಂಧುತ್ವದ ಒತ್ತಡವೇ ಬಲವಂತವಾಗುವ ಸಂಭವವುಂಟೆಂಬ ಅಂಶವು ಚರ್ಚೆಗೆ ಬಂದಿತು. ರಾಜ್ಯಸಭೆಯ ಆಯ್ಕೆ ಸಮಿತಿಯು 2020ರ ಫೆಬ್ರವರಿಯ ವರದಿಯಲ್ಲಿ, ಸ್ವಇಚ್ಛೆಯಿಂದ ಮುಂದೆ ಬರುವ ಯಾವ ಸ್ತ್ರೀಗಾದರೂ ಅವಕಾಶವಿರಲೆಂದು ಹೇಳಿತು. ಸಂತಾನ ಬಯಸುವ ವಿಧವೆಯರನ್ನೂ ವಿಚ್ಛೇದಿತೆಯರನ್ನೂ ಸೇರಿಸಬೇಕೆಂದಿತು. 2021ರ ಕಾಯಿದೆಯಲ್ಲಿ ಇವೆರಡಕ್ಕೂ ಸ್ಥಾನ ದೊರೆಯಿತು. ಮತಗಳ ಎಣಿಕೆಯೊಂದನ್ನೇ ನೆಚ್ಚಿದ್ದರೆ ಈ ಸ್ತ್ರೀಯರ ಮಾತು ಕಾನೂನಿನ ಹೊರಗೇ ಉಳಿಯುತ್ತಿತ್ತು.

1993ರಲ್ಲಿ 17 ಸ್ಥಾಯಿ ಸಮಿತಿಗಳೊಂದಿಗೆ ಆರಂಭವಾದ ಇಲಾಖಾವಾರು ಪರಿಶೀಲನೆಗೆ 2004ರಿಂದ 24 ಸಮಿತಿಗಳಿವೆ. ಸಮಿತಿಗಳು ಹೆಚ್ಚಿದರೂ ಮಸೂದೆಯನ್ನು ಅವುಗಳಿಗೆ ಕಳುಹಿಸುವುದು ಕಡ್ಡಾಯವಾಗಲಿಲ್ಲ. 2020ರ ಮೂರು ಕೃಷಿ ಮಸೂದೆಗಳು ಯಾವ ಸಮಿತಿಯ ಮುಂದೆಯೂ ಹೋಗದೆ ಕಾನೂನಾದವು. ವರ್ಷಕ್ಕೂ ಮಿಗಿಲಾಗಿ ರೈತರು ದೆಹಲಿಯ ಗಡಿಗಳಲ್ಲಿ ಕುಳಿತರು. 2021ರ ನವೆಂಬರಿನಲ್ಲಿ ಆ ಕಾನೂನುಗಳನ್ನು ರದ್ದುಪಡಿಸುವ ಮಸೂದೆಯೂ, ಚರ್ಚೆಯಿಲ್ಲದೆ, ಎರಡೂ ಸದನಗಳಲ್ಲಿ ಒಂದೇ ದಿನ ಅಂಗೀಕಾರವಾಯಿತು.