ನಿನ್ನಿಷ್ಟ

ಆಫರ್ ಲೆಟರ್ ಬಂದದ್ದು ಒಂದು ಗುರುವಾರ ಸಂಜೆ. ಬರ್ಲಿನ್‌ನ ಒಂದು ಕಂಪನಿ. ನಾಲ್ಕು ಸುತ್ತು ಇಂಟರ್‌ವ್ಯೂ ಮುಗಿದಿತ್ತು. ಆದರೂ ಸಿಗುತ್ತೆ ಅನ್ನೋ ನಂಬಿಕೆ ಇರಲಿಲ್ಲ, ಹಾಗಾಗಿ ಮನೆಯಲ್ಲಿ ಆ ವಿಷಯ ಸರಿಯಾಗಿ ಮಾತಾಡಿರಲೇ ಇಲ್ಲ. ಉತ್ತರ ಕೊಡೋಕೆ ಹತ್ತು ದಿನ ಟೈಮು. ಹೆಂಡತಿ ಕ್ಲಿನಿಕ್ಕಿನಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಫೋನು ಅವಳ ಮುಖದ ಮುಂದೆ ಹಿಡಿದೆ. ಓದಿದಳು. "ಸೂಪರ್ ಕಣೋ" ಅಂದಳು. ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಕೂತ ಮೇಲೆ ಕೇಳಿದೆ: "ಏನ್ ಮಾಡೋಣ?"

"ನಿನ್ನಿಷ್ಟ" ಅಂದಳು.

ನನಗೆ ಖುಷಿಯಾಯಿತು. ಅದು ಒಪ್ಪಿಗೆ ಅಂದುಕೊಂಡೆ. ಅಲ್ಲ ಅಂತ ಗೊತ್ತಾಗೋಕೆ ಸುಮಾರು ಒಂದು ವಾರ ಹಿಡಿಯಿತು.

ಇಂಜಿನಿಯರ್ ಅಂದಮೇಲೆ ಮೊದಲು ಮಾಡೋ ಕೆಲಸ ಒಂದೇ ತಾನೇ? ಎಕ್ಸೆಲ್ ಶೀಟ್ ತೆರೆದೆ. ಒಂದು ಕಾಲಂ ಬೆಂಗಳೂರು, ಇನ್ನೊಂದು ಕಾಲಂ ಬರ್ಲಿನ್. ಸಂಬಳ, ತೆರಿಗೆ, ಬಾಡಿಗೆ, ಊರಿಗೆ ಕಳಿಸೋ ದುಡ್ಡು, ಫ್ಲ್ಯಾಟಿನ ಇಎಂಐ, ವರ್ಷಕ್ಕೆ ಒಂದು ಸಲ ಬಂದು ಹೋಗೋ ಟಿಕೆಟ್. ಅವಳ ಆದಾಯ ಅನ್ನೋ ಸಾಲಿನಲ್ಲಿ ಬರ್ಲಿನ್ ಕಡೆ ಮೊದಲನೇ ವರ್ಷಕ್ಕೆ ಸೊನ್ನೆ ಹಾಕಿದೆ. ಎರಡನೇ ವರ್ಷಕ್ಕೆ ಒಂದು ಮೊತ್ತ ಹಾಕಿದೆ. ಇಷ್ಟಾದರೂ ಒಟ್ಟು ಮೊತ್ತ ಬರ್ಲಿನ್ ಕಡೆಗೇ ವಾಲಿತು. ಶನಿವಾರ ಬೆಳಿಗ್ಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಕೆಳಗಿನ ಮೊತ್ತ ನೋಡಲೇ ಇಲ್ಲ. ತನ್ನ ಸಾಲಿನ ಮೇಲೆ ಬೆರಳಿಟ್ಟು, "ಎರಡನೇ ವರ್ಷಕ್ಕೆ ಈ ನಂಬರ್ ಎಲ್ಲಿಂದ ಬಂತು?" ಅಂದಳು.

ಎಲ್ಲಿಂದಲೂ ಬಂದಿರಲಿಲ್ಲ. ನಾನೇ ಹಾಕಿದ್ದು.

ಅವಳು ಹಲ್ಲಿನ ಡಾಕ್ಟರು. ಐದು ವರ್ಷ ಬಿಡಿಎಸ್, ಆಮೇಲೆ ಬೇರೆಯವರ ಕ್ಲಿನಿಕ್ಕಿನಲ್ಲಿ ಚಾಕರಿ, ಈಗ ನಾಲ್ಕು ವರ್ಷದಿಂದ ಕ್ಲಾಸ್‌ಮೇಟ್ ಜೊತೆ ಸೇರಿ ಸ್ವಂತದ್ದು. ಚೇರಿನ ಸಾಲ ತೀರಿದ್ದು ಹೋದ ವರ್ಷ. ಜರ್ಮನಿಯ ಬ್ಲೂ ಕಾರ್ಡ್ ವಿಷಯದಲ್ಲಿ ನಾನು ಹೆಂಡತಿಗೆ ಹೇಳಿದ ದೊಡ್ಡ ಸಮಾಧಾನ ಏನಪ್ಪಾ ಅಂದ್ರೆ, ಅಲ್ಲಿ ಹೆಂಡತಿಗೋ ಗಂಡನಿಗೋ ಹೋದ ದಿನದಿಂದಲೇ ಕೆಲಸ ಮಾಡೋ ಹಕ್ಕಿದೆ. ಅಮೆರಿಕಕ್ಕೆ ಎಚ್-4 ವೀಸಾದಲ್ಲಿ ಹೋದವರಿಗೆ 2015ರ ತನಕ ಕೆಲಸ ಮಾಡೋಕೇ ಬಿಡುತ್ತಿರಲಿಲ್ಲ. ಆಮೇಲೆ ಬಿಟ್ಟದ್ದೂ ಎಲ್ಲರನ್ನಲ್ಲ, ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳನ್ನು ಮಾತ್ರ. ಅದಕ್ಕೆ ಹೋಲಿಸಿದರೆ ಜರ್ಮನಿ ಎಷ್ಟೋ ವಾಸಿ, ನಿಜ. ಆದರೆ ಹಲ್ಲಿನ ಡಾಕ್ಟರಿಗೆ ಆ ಹಕ್ಕು ಸಾಲದು. ಮೊದಲು ಜರ್ಮನ್ ಭಾಷೆ ಕಲಿಯಬೇಕು. ಆಮೇಲೆ ವೈದ್ಯರ ಜರ್ಮನ್‌ಗೆ ಬೇರೆ ಪರೀಕ್ಷೆ. ಆಮೇಲೆ ನಮ್ಮ ಡಿಗ್ರಿ ಅವರದಕ್ಕೆ ಸಮವೋ ಅಂತ ತಪಾಸಣೆ, ಸಮವಲ್ಲ ಅಂದರೆ ಜ್ಞಾನದ ಪರೀಕ್ಷೆ. ಇದು ತಿಂಗಳ ಲೆಕ್ಕ ಅಲ್ಲ, ವರ್ಷಗಳ ಲೆಕ್ಕ. ನಾನು ಬರೆಯೋ ಪೈಥಾನ್ ಇಲ್ಲಿಯೂ ಅದೇ, ಅಲ್ಲಿಯೂ ಅದೇ. ಹಲ್ಲು ಕೂಡ ಎಲ್ಲ ಕಡೆ ಒಂದೇ, ಆದರೆ ಬಾಯಿ ತೆರೆದವರು ನೋವನ್ನು ಅವರವರ ಭಾಷೆಯಲ್ಲೇ ಹೇಳೋದು.

ಇಷ್ಟೆಲ್ಲ ಅವಳು ಆಗಲೇ ಹುಡುಕಿ ಓದಿದ್ದಳು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದ ಕೋರ್ಸುಗಳನ್ನೂ ವಿಚಾರಿಸಿದ್ದಳು. ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಭಾನುವಾರ ಊರಿಗೆ ಹೋದೆವು. ನಮ್ಮೂರು ಮೇಲುಕೋಟೆ ಬೆಟ್ಟದ ಕೆಳಗೆ, ಜಕ್ಕನಹಳ್ಳಿ ಕ್ರಾಸಿನಿಂದ ಒಳಗೆ. ಮಂಡ್ಯ ಜಿಲ್ಲೆ ಅಂದ ತಕ್ಷಣ ಬೆಂಗಳೂರಿನವರು ನಾಲೆ, ಗದ್ದೆ, ಕಬ್ಬು ಅಂದುಕೊಳ್ತಾರೆ. ನಮ್ಮ ಹೊಲಕ್ಕೆ ನಾಲೆ ನೀರು ಬಂದಿಲ್ಲ. ಮಳೆ ಬಂದರೆ ರಾಗಿ, ಹುರುಳಿ, ಬೋರ್‌ವೆಲ್ ನಂಬಿಕೊಂಡ ಒಂದಿಷ್ಟು ತೆಂಗು. ಅಪ್ಪ ಆ ರಾಗಿಯಲ್ಲೇ ನನ್ನನ್ನು ಬಿಇ ಓದಿಸಿದ್ದು. ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನಿಷ್ಟ ಕಣಪ್ಪ. ಓದ್ದೋನು ನೀನು, ನಿಂಗ್ ಗೊತ್ತಾಗ್ದಾ" ಅಂದರು. ಅಮ್ಮ, "ಹೋಗಿ ಬನ್ರಪ್ಪ, ನಮ್ದೇನು, ಹೆಂಗೋ ಆಯ್ತದೆ" ಅಂದು ಒಳಗೆ ಹೋದರು. ನಾಲ್ಕು ದಿನದಲ್ಲಿ ಮೂರು ಜನ ನನ್ನಿಷ್ಟಕ್ಕೆ ಬಿಟ್ಟರು. ಇಷ್ಟು ಸಲೀಸಾಗಿ ನನ್ನ ಬದುಕಿನಲ್ಲಿ ಯಾವ ಕೆಲಸವೂ ಆಗಿರಲಿಲ್ಲ. ಮೊದಲ ಸಲ ಅನುಮಾನ ಬಂದದ್ದು ಆಗ.

ಅಮ್ಮನಿಗೆ ಪೂಜೆ ಮಾಡಿಸಬೇಕಿತ್ತು. ಎಲ್ಲರೂ ಬೆಟ್ಟ ಹತ್ತಿ ಚೆಲುವನಾರಾಯಣನ ಗುಡಿಗೆ ಹೋದೆವು. ಅಲ್ಲಿ ರಾಮಾನುಜಾಚಾರ್ಯರ ಒಂದು ವಿಗ್ರಹ ಇದೆ. ಚೋಳ ರಾಜನ ಕಾಟಕ್ಕೆ ಶ್ರೀರಂಗ ಬಿಟ್ಟು ಬಂದ ಆಚಾರ್ಯರು ಈ ಕಡೆ ಹನ್ನೆರಡು ವರ್ಷ ಇದ್ದರು ಅನ್ನೋದು ಸಂಪ್ರದಾಯದ ಮಾತು. ಕಾಟ ಮುಗಿದ ಮೇಲೆ ವಾಪಸ್ ಹೊರಟಾಗ ಇಲ್ಲಿನ ಶಿಷ್ಯರು ಅತ್ತರಂತೆ. ಅವರ ಸಮಾಧಾನಕ್ಕೆ ಆಚಾರ್ಯರು ತಮ್ಮದೇ ಒಂದು ವಿಗ್ರಹ ಮಾಡಿಸಿ ಕೊಟ್ಟು ಹೋದರಂತೆ. ತಮ್ಮವರು ಪ್ರೀತಿಸಿದ ಮೂರ್ತಿ ಅನ್ನೋ ಅರ್ಥದಲ್ಲಿ ಅದನ್ನು ತಮರುಗಂದ ತಿರುಮೇನಿ ಅಂತಾರೆ. ಚಿಕ್ಕಂದಿನಿಂದ ಕೇಳಿದ ಕಥೆ. ಅವತ್ತು ಮಾತ್ರ ನನ್ನ ಅನುಕೂಲಕ್ಕೆ ತಕ್ಕ ಹಾಗೆ ಕೇಳಿಸಿತು: ಹೋಗೋದೇನೂ ತಪ್ಪಲ್ಲ, ಬಿಟ್ಟು ಹೋಗೋಕೆ ಒಂದು ರೂಪ ಇದ್ದರೆ ಸಾಕು. ನಮಗೆ ವಿಡಿಯೋ ಕಾಲ್ ಇದೆಯಲ್ಲ.

ಆದರೆ ಹೊರಗೆ ಬರುವಾಗ ಇನ್ನೊಂದು ಯೋಚನೆ ಬಂತು. ಆ ಕಥೆಯಲ್ಲಿ ಶಿಷ್ಯರು ಅತ್ತಿದ್ದಾರೆ. ಹೋಗಬೇಡಿ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅದಕ್ಕೇ ಆ ವಿಗ್ರಹ ಹುಟ್ಟಿತು. ನಮ್ಮ ಮನೆಯಲ್ಲಿ ಯಾರೂ ಅತ್ತಿಲ್ಲ. ಅಳೋಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ಆಫರ್ ಲೆಟರನ್ನು ಸಿಹಿ ಸುದ್ದಿ ಅಂತ ಹಂಚಿಕೊಂಡು ಹೋದವನ ಮುಂದೆ ಯಾರು ತಾನೇ ಕಣ್ಣೀರು ಹಾಕ್ತಾರೆ?

ಅದೇ ಗುಡಿಯ ಇನ್ನೊಂದು ಕಥೆ ಬೀಬಿ ನಾಚ್ಚಿಯಾರ್‌ದು. ಇತಿಹಾಸಕಾರರು ಒಪ್ಪುತ್ತಾರೋ ಬಿಡುತ್ತಾರೋ, ನಮ್ಮ ಕಡೆ ಎಲ್ಲರಿಗೂ ಗೊತ್ತು. ದೆಹಲಿಯ ಸುಲ್ತಾನನ ಅರಮನೆ ಸೇರಿದ್ದ ಚೆಲುವಪಿಳ್ಳೆಯನ್ನು ಆಚಾರ್ಯರು ಕರೆತಂದಾಗ, ಆ ಮೂರ್ತಿಯನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಅಲ್ಲಿಂದ ಇಲ್ಲಿಗೆ ಹಿಂದೆಯೇ ಬಂದಳಂತೆ. ದೇವರ ಪಾದದ ಬಳಿ ಅವಳಿಗೆ ಜಾಗ ಕೊಟ್ಟಿದ್ದಾರೆ. ಅಮ್ಮ ಈ ಕಥೆಯನ್ನು ಸೊಸೆಗೆ ಭಕ್ತಿಯಿಂದ ಹೇಳುತ್ತಿದ್ದರು. ನನ್ನ ಹೆಂಡತಿ ಪೂರ್ತಿ ಕೇಳಿ, "ಅತ್ತೆ, ಅವಳು ಬಂದುಬಿಟ್ಟಳಲ್ಲ, ಅಲ್ಲಿ ಅವಳಮ್ಮ ಏನಾದ್ರು?" ಅಂದಳು.

"ಅದ್ನ್ಯಾರ್ ಕೇಳಿದ್ರವ್ವ" ಅಂದರು ಅಮ್ಮ. ಆಮೇಲೆ ಇಬ್ಬರೂ ಸ್ವಲ್ಪ ದೂರ ಮಾತಿಲ್ಲದೆ ನಡೆದರು.

ಅಪ್ಪ ಅಮ್ಮ ಪ್ರಸಾದದ ಪುಳಿಯೋಗರೆ ಹಿಡಿದು ನೆರಳಿಗೆ ಕೂತರು. ನಾವಿಬ್ಬರೂ ಅಕ್ಕ-ತಂಗಿ ಕೊಳದ ಕಡೆ ಹೋದೆವು. ಅಕ್ಕಪಕ್ಕದಲ್ಲಿರೋ ಎರಡು ಕೊಳ. ನಮ್ಮಜ್ಜಿ ಹೇಳುತ್ತಿದ್ದ ಕಥೆ ಹೀಗೆ: ಇಬ್ಬರು ಅಕ್ಕ-ತಂಗಿಯರು ಒಂದೊಂದು ಕೊಳ ಕಟ್ಟಿಸಿದರು. ಒಬ್ಬಳು ಕಾಸು ಕಾಸಿಗೂ ಲೆಕ್ಕ ಬರೆದಿಟ್ಟಳು, ಇನ್ನೊಬ್ಬಳು ಲೆಕ್ಕ ಇಡದೆ ಧರ್ಮಕ್ಕೆ ಅಂತ ಕಟ್ಟಿಸಿದಳು. ಲೆಕ್ಕ ಇಡದವಳ ಕೊಳದ ನೀರು ಸಿಹಿಯಾಯಿತು, ಲೆಕ್ಕ ಇಟ್ಟವಳದ್ದು ಕುಡಿಯೋಕೆ ಬರದ ಹಾಗಾಯಿತು. ನಾನು ಇದನ್ನು ಹೇಳಿ, "ನೋಡು, ಸಂಸಾರದಲ್ಲೂ ಅಷ್ಟೇ, ಲೆಕ್ಕ ಇಟ್ಟರೆ ಕಹಿ" ಅಂದೆ.

"ಎಕ್ಸೆಲ್ ಶೀಟ್ ಮಾಡಿದ್ದು ಯಾರಪ್ಪ?" ಅಂದಳು.

ನಗು ಬಂತು, ಇಬ್ಬರಿಗೂ. ಆದರೆ ಆ ಮಾತು ಕೂತುಬಿಟ್ಟಿತು. ಲೆಕ್ಕ ಇಡಬಾರದು ಅನ್ನೋ ನೀತಿ ಒಳ್ಳೆಯದೇ. ಆದರೆ ಪ್ರತಿ ಮನೆಯಲ್ಲೂ ಲೆಕ್ಕ ಇಡಬೇಡ ಅಂತ ಯಾರಿಗೆ ಹೇಳ್ತೀವಿ? ಬಿಟ್ಟುಕೊಡೋರಿಗೆ. ಪಡೆಯೋರು ಲೆಕ್ಕ ಇಡೋದಕ್ಕೆ ನಾವು ಪ್ಲಾನಿಂಗ್ ಅನ್ನೋ ಹೆಸರಿಟ್ಟಿದ್ದೀವಿ.

ವಾಪಸ್ ನಾಗಮಂಗಲದ ಮೇಲೆ ಬಂದೆವು. ಬೆಳ್ಳೂರು ಕ್ರಾಸಿನಲ್ಲಿ ಟೀ ಕುಡಿಯುವಾಗ ಅವಳು ಕೇಳಿದಳು, "ಈ ಆಫರ್ ನನಗೆ ಬಂದಿದ್ರೆ, ನೀನು ಕೆಲಸ ಬಿಟ್ಟು ಬರ್ತಿದ್ಯಾ?"

"ಖಂಡಿತ" ಅನ್ನೋಕೆ ಬಾಯಿ ತೆರೆದೆ. ಬರಲಿಲ್ಲ. ಯಾಕಂದ್ರೆ ಆ ಪ್ರಶ್ನೆಗೆ ಉತ್ತರ ಮೂರು ವರ್ಷದ ಹಿಂದೆಯೇ ಕೊಟ್ಟಾಗಿತ್ತು. ಆಗ ಅವಳಿಗೆ ಮಂಗಳೂರಿನಲ್ಲಿ ಎಂಡಿಎಸ್ ಸೀಟು ಸಿಕ್ಕಿತ್ತು. ಮೂರು ವರ್ಷದ ಕೋರ್ಸು. ಏನ್ ಮಾಡೋಣ ಅಂತ ಕೇಳಿದ್ದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಹೇಳಿದ್ದೆ, "ನಿನ್ನಿಷ್ಟ." ಎಕ್ಸೆಲ್ ಶೀಟ್ ಮಾಡಲಿಲ್ಲ. ಮಂಗಳೂರಿನಲ್ಲಿ ನನಗೆ ಕೆಲಸ ಇದೆಯಾ ಅಂತ ಹುಡುಕಲಿಲ್ಲ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರ್ತೀನಿ ಅಂತಲೂ ಅನ್ನಲಿಲ್ಲ. ಅವಳು ಸೀಟು ಬಿಟ್ಟಳು. ಅದು ಅವಳ ನಿರ್ಧಾರ ಅಂತ ನಾನು ಇಷ್ಟು ದಿನ ನಂಬಿಕೊಂಡಿದ್ದೆ. ಬೇಡ ಅಂತ ನಾನು ಯಾವತ್ತೂ ಹೇಳಿರಲಿಲ್ಲವಲ್ಲ!

ಒಂದೇ ಪದ. ನಾನು ಹೇಳಿದಾಗ ಅದರ ಅರ್ಥ, ನಿನ್ನ ಆಸೆಗೆ ನಾನು ಹೆಗಲು ಕೊಡಲ್ಲ. ಅವಳು ಹೇಳಿದಾಗ ಅದರ ಅರ್ಥ, ನಿನ್ನ ಆಸೆಗೆ ನಾನು ಅಡ್ಡ ಬರಲ್ಲ. ನನ್ನ ನಿನ್ನಿಷ್ಟದಿಂದ ಅವಳು ನಿಂತಳು, ಅವಳ ನಿನ್ನಿಷ್ಟದಿಂದ ನಾನು ಹೊರಟಿದ್ದೆ. ಎರಡು ಸಲವೂ ಕಳೆದುಕೊಳ್ಳೋದು ಒಬ್ಬಳೇ. ಎರಡು ಸಲವೂ ದಾಖಲೆಯಲ್ಲಿ, ಇಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಿದೆವು ಅಂತ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಇದು ಊರು ಬಿಡಬೇಡಿ ಅನ್ನೋ ಬರಹ ಅಲ್ಲ. ಊರು ಬಿಟ್ಟಿದ್ದಕ್ಕೇ ನಾನು ಇಂಜಿನಿಯರ್ ಆದದ್ದು. ಹೊರದೇಶಕ್ಕೆ ಹೋಗಿ ಹೊಸ ಭಾಷೆ, ಹೊಸ ಕೆಲಸ ಕಲಿತು ಇಲ್ಲಿಗಿಂತ ಚೆನ್ನಾಗಿರೋ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಇಬ್ಬರಿಗೂ ಸಮ ಲಾಭ ಆಗೋ ತನಕ ಅಲುಗಾಡಲ್ಲ ಅಂದರೆ ಯಾವ ಸಂಸಾರವೂ ಎಲ್ಲಿಗೂ ಹೋಗೋಕಾಗಲ್ಲ. ಒಬ್ಬರು ಹೆಚ್ಚು ಕಳೆದುಕೊಳ್ಳೋದು ಅನ್ಯಾಯವೇ ಅಂತ ನಾನು ಹೇಳಲ್ಲ. ಏನು ಕಳೀತೀನಿ ಅಂತ ಹೇಳೋಕೆ ಅವಕಾಶ ಇಲ್ಲದೆ ಕಳೆದುಕೊಳ್ಳೋದು ಅನ್ಯಾಯ. ಮತ್ತೆ ಆ ಅವಕಾಶ ಮಾಡಿಕೊಡೋ ಜವಾಬ್ದಾರಿ ಲಾಭ ಇರೋರದ್ದು. "ನೀನು ಬೇಡ ಅನ್ನಬಹುದಿತ್ತಲ್ಲ" ಅನ್ನೋದು ಸುಲಭ. ಗಂಡನ ಮುಖದಲ್ಲಿ ಹತ್ತು ವರ್ಷದ ಕನಸು ಹೊಳೀತಿರುವಾಗ, ಅತ್ತೆ ಮಾವನೇ ಒಪ್ಪಿರುವಾಗ, ಬೇಡ ಅನ್ನೋದಕ್ಕೆ ಎಷ್ಟು ಬೆಲೆ ತೆರಬೇಕು? ಬೇಡ ಅನ್ನೋದು ಅಷ್ಟು ದುಬಾರಿಯಾದಾಗ ಹೂಂ ಅನ್ನೋದಕ್ಕೆ ಬೆಲೆ ಇರಲ್ಲ.

ಅವತ್ತು ರಾತ್ರಿ ಎಕ್ಸೆಲ್ ಮುಚ್ಚಿ, ಇಬ್ಬರೂ ಒಂದೊಂದು ಹಾಳೆಯಲ್ಲಿ ಹೋದರೆ ಏನು ಹೆದರಿಕೆ, ಉಳಿದರೆ ಏನು ಹೆದರಿಕೆ ಅಂತ ಬರೆದೆವು. ಅವಳ ಹಾಳೆಯಲ್ಲಿ ಕ್ಲಿನಿಕ್ಕು ಮೊದಲು ಇರುತ್ತೆ ಅಂದುಕೊಂಡಿದ್ದೆ. ಇರಲಿಲ್ಲ. ಮೊದಲ ಸಾಲು ಹೀಗಿತ್ತು: "ಚಪ್ಪಲಿ ಬೇಕಾದರೂ ನಿನ್ನ ಕೇಳಿ ತಗೊಳ್ಳೋದು." ನನ್ನ ಹಾಳೆಯ ಮೊದಲ ಸಾಲು: "ಉಳಿದರೆ, ನಲವತ್ತನೇ ವಯಸ್ಸಿನಲ್ಲಿ ಜಗಳ ಆದಾಗ ನಿನ್ನಿಂದ ಹೋಗಲಿಲ್ಲ ಅಂದುಬಿಡ್ತೀನೇನೋ." ಹತ್ತು ದಿನದಲ್ಲಿ ನಾವು ಆಡಿದ ಮೊದಲ ನಿಜವಾದ ಮಾತು ಅವೆರಡೇ ಅನ್ನಿಸುತ್ತೆ.

ಕಂಪನಿಗೆ ಬರೆದೆ: ಸೇರೋಕೆ ಎಂಟು ತಿಂಗಳು ಕೊಡ್ತೀರಾ? ಅಷ್ಟರಲ್ಲಿ ಅವಳು ಇಲ್ಲೇ ಭಾಷೆಯ ಒಂದು ಹಂತ ಮುಗಿಸಬಹುದು, ಕ್ಲಿನಿಕ್ಕಿನ ಪಾಲನ್ನು ಸರಿಯಾಗಿ ವಹಿಸಿಕೊಟ್ಟು ಹೊರಡಬಹುದು. ಮೂರು ತಿಂಗಳಿಗಿಂತ ಹೆಚ್ಚು ಆಗಲ್ಲ ಅಂತ ಮರ್ಯಾದೆಯಿಂದಲೇ ಉತ್ತರ ಬಂತು. ಹತ್ತನೇ ದಿನ ಬೇಡ ಅಂತ ಮೇಲ್ ಕಳಿಸಿದೆ. ಸೆಂಡ್ ಒತ್ತುವ ಮುಂಚೆ ಅವಳು, "ಇನ್ನೊಂದ್ಸಲ ಯೋಚ್ನೆ ಮಾಡು, ನಾನು ಹೇಗೋ ಮಾಡ್ಕೋತೀನಿ" ಅಂದಳು. ಆ 'ಹೇಗೋ' ಕೇಳಿಯೇ ಒತ್ತಿದ್ದು.

ಸರಿ ಮಾಡಿದೆವಾ? ಗೊತ್ತಿಲ್ಲ. ತ್ಯಾಗ ಮಾಡಿದವನ ಸಂತೋಷವೇನೂ ನನಗೆ ಸಿಗಲಿಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಮ್ಯೂನಿಕ್‌ನಿಂದ ಹಿಮದ ಫೋಟೋ ಹಾಕಿದಾಗ ಹೊಟ್ಟೆಯಲ್ಲಿ ಏನೋ ಹಿಂಡುತ್ತೆ. ಕೆಲವು ರಾತ್ರಿ ಯೂರೋ ರೇಟು ನೋಡ್ತೀನಿ. ಊರಲ್ಲಿ ಹೊಸದಾಗಿ ಕೊರೆಸಿದ ಬೋರ್‌ವೆಲ್ಲಿನಲ್ಲಿ ನೀರು ಬರದೆ ಹೋದಾಗ, ಅಲ್ಲಿ ಇದ್ದಿದ್ದರೆ ಈ ದುಡ್ಡು ಒಂದು ಲೆಕ್ಕವೇ ಆಗಿರಲಿಲ್ಲ ಅಂತ ಮನಸ್ಸು ತಕ್ಷಣ ಗುಣಾಕಾರ ಮಾಡಿತು. ಆ ಬಯಕೆ ಸುಳ್ಳಲ್ಲ, ಅದನ್ನು ಮುಚ್ಚಿಡೋದೂ ಇಲ್ಲ. ಆದರೆ ಒಂದು ನಿಯಮ ಇಟ್ಟುಕೊಂಡಿದ್ದೀನಿ. ಆ ಬೇಜಾರು ನನ್ನ ಪಾಲಿನ ಖರ್ಚು. ಅದರ ಬಿಲ್ಲನ್ನು ಅವಳಿಗೆ ಕೊಡೋ ಹಾಗಿಲ್ಲ, ಜಗಳದಲ್ಲೂ ಇಲ್ಲ, ತಮಾಷೆಗೂ ಇಲ್ಲ. ಮೂರು ವರ್ಷ ಎಂಡಿಎಸ್ ಸೀಟಿನ ಮಾತೇ ಎತ್ತದೆ ಅವಳು ಅದನ್ನು ನನಗೆ ತೋರಿಸಿಕೊಟ್ಟಿದ್ದಾಳೆ.

ಈಗ ಅವಳು ಮತ್ತೆ ನೀಟ್ ಎಂಡಿಎಸ್‌ಗೆ ಓದುತ್ತಿದ್ದಾಳೆ. ರಾತ್ರಿ ಹತ್ತಕ್ಕೆ ಪುಸ್ತಕ ತೆರೆಯುತ್ತಾಳೆ, ಪಾತ್ರೆ ನನ್ನದು. ಮೊನ್ನೆ, ಸೀಟು ದೂರ ಸಿಕ್ಕರೆ ಏನ್ ಮಾಡೋಣ ಅಂತ ಕೇಳಿದಳು. ಆ ಪದ ನಾಲಿಗೆ ತುದಿಗೆ ಬಂತು. ನುಂಗಿಕೊಂಡು, "ಯಾವ್ಯಾವ ಊರು ಅಂತ ಹೇಳು, ಮನೆ ಬಾಡಿಗೆ ಎಷ್ಟಿದೆ ನೋಡ್ತೀನಿ" ಅಂದೆ.