ಸೆಳೆತ ಮತ್ತು ಸಂಕಲ್ಪ

ಗಂಡು ಹೆಣ್ಣುಗಳ ಆಕರ್ಷಣೆಯ ವಿಚಾರ ಬಂದಾಗಲೆಲ್ಲ ಕನ್ನಡ ಕಾವ್ಯವನ್ನು ಓದಿದವರ ಕಣ್ಣ ಮುಂದೆ ನಿಲ್ಲುವವಳು ಅಮೃತಮತಿ. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು ೧೨೦೯ರಲ್ಲಿ ಬರೆದು ಮುಗಿಸಿದ ‘ಯಶೋಧರ ಚರಿತೆ’ಯ ರಾಣಿ ಈಕೆ. ಗಂಡನಾದರೋ ಅರಸು, ರೂಪವಂತ, ಹೆಂಡತಿಯಲ್ಲಿ ಅನುರಕ್ತ. ಆದರೂ ಒಂದು ರಾತ್ರಿ ಕತ್ತಲೆಯಲ್ಲಿ ತೇಲಿಬಂದ ಹಾಡೊಂದು ಅವಳ ಮನಸ್ಸನ್ನು ಕೊಂಡೊಯ್ದಿತು. ಹಾಡಿದವನು ಆನೆಯ ಮಾವತ ಅಷ್ಟಾವಂಕ. ಅವನನ್ನು ನೋಡಿಬಂದ ಸಖಿ ಅವನ ವಿಕಾರವನ್ನು ಬಣ್ಣಿಸಿ ಹೇಸಿಕೊಂಡಳು. ರಾಣಿಯ ಮನಸ್ಸು ಮಾತ್ರ ಹಿಂದಿರುಗಲಿಲ್ಲ. ಕೊನೆಗೆ ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕಿ ನರಕಕ್ಕೆ ಇಳಿಯುತ್ತಾಳೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಮೃತಮತಿ ತಪ್ಪಿದ್ದು ಯಾವ ಗಳಿಗೆಯಲ್ಲಿ? ಹಾಡಿಗೆ ಮನಸೋತಾಗಲೋ, ಹಾಸಿಗೆಯಿಂದೆದ್ದು ಮಾವತನ ಬಳಿಗೆ ಹೋದಾಗಲೋ, ವಿಷವನ್ನು ಬೆರೆಸಿದಾಗಲೋ? ಮೂರನ್ನೂ ಒಂದೇ ಪಾಪದ ಮೂರು ಮೆಟ್ಟಿಲೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಆಕರ್ಷಣೆಯನ್ನು ಪ್ರಯೋಗಶಾಲೆಗೆ ಎಳೆದು ತಂದಿರುವ ಈ ಕಾಲದಲ್ಲಿ ಹಾಗೆ ಎಣಿಸುವುದು ಸುಲಭವಲ್ಲ.

ವಿಜ್ಞಾನಿಗಳು ಕಂಡುಕೊಂಡದ್ದಾದರೂ ಏನು? ಗಂಡಸಿನ ತಗ್ಗಿದ, ಗಂಭೀರವಾದ ದನಿ ಕೇಳುವ ಹೆಂಗಸರಿಗೆ ಹೆಚ್ಚು ಹಿಡಿಸುತ್ತದೆಂದು ೨೦೦೦ದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಮುಖವನ್ನು ಕಾಣದೆ ಕಿವಿಯೊಂದೇ ಮನಸ್ಸನ್ನು ಒಪ್ಪಿಸಿಬಿಡಬಲ್ಲುದು ಎಂದಾಯಿತು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಕ್ಲೌಸ್ ವೆಡೆಕಿಂಡ್ ಎಂಬಾತ ೧೯೯೫ರಲ್ಲಿ ತರುಣರು ಎರಡು ರಾತ್ರಿ ತೊಟ್ಟಿದ್ದ ಅಂಗಿಗಳನ್ನು ತರುಣಿಯರಿಗೆ ಮೂಸಲು ಕೊಟ್ಟ. ಗರ್ಭನಿರೋಧಕ ಮಾತ್ರೆ ಸೇವಿಸದಿದ್ದವರು, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ವಂಶವಾಹಿಗಳು ತಮಗಿಂತ ಭಿನ್ನವಾಗಿದ್ದವರ ಮೈವಾಸನೆಯನ್ನು ಹೆಚ್ಚಾಗಿ ಮೆಚ್ಚಿದರು. ಮುಂದಿನ ಪ್ರಯೋಗಗಳೆಲ್ಲವೂ ಈ ಮಾತನ್ನೇ ನುಡಿಯಲಿಲ್ಲವಾದರೂ, ಮೂಗು ನಮಗೆ ತಿಳಿಸದೆಯೇ ತೀರ್ಪು ಕೊಡಬಹುದೆಂಬ ಗುಮಾನಿ ಉಳಿದುಕೊಂಡಿತು.

ಇನ್ನೊಂದು ಪ್ರಯೋಗ ಇದಕ್ಕಿಂತ ಸ್ವಾರಸ್ಯವಾದುದು. ಕೆನಡಾದ ವ್ಯಾಂಕೂವರ್ ಬಳಿ ಕಪಿಲಾನೊ ಎಂಬ ತೂಗುಸೇತುವೆ ಇದೆ. ೧೯೭೪ರಲ್ಲಿ ಪ್ರಕಟವಾದ ಡಟನ್ ಮತ್ತು ಆರನ್ ಅವರ ಸಂಶೋಧನೆಯಲ್ಲಿ, ಈ ಓಲಾಡುವ ಸೇತುವೆಯ ಮೇಲೆ ತರುಣಿಯೊಬ್ಬಳು ಗಂಡಸರನ್ನು ಮಾತನಾಡಿಸಿ ತನ್ನ ಟೆಲಿಫೋನ್ ಸಂಖ್ಯೆಯನ್ನು ಕೊಟ್ಟಳು. ಗಟ್ಟಿಯಾದ ಸೇತುವೆಯ ಮೇಲೆ ಅವಳನ್ನು ಕಂಡವರಿಗಿಂತ ಇಲ್ಲಿ ಕಂಡವರೇ ಹೆಚ್ಚು ಮಂದಿ ಆಮೇಲೆ ಫೋನ್ ಮಾಡಿದರು. ಭಯದಿಂದ ಹೊಡೆದುಕೊಂಡ ಎದೆಯನ್ನು ಅವರು ಪ್ರೇಮದಿಂದ ಹೊಡೆದುಕೊಂಡಿತೆಂದು ತಿಳಿದರೆಂಬುದು ಸಂಶೋಧಕರ ವಿವರಣೆ. ನಮ್ಮ ಎದೆಯ ಭಾಷೆಯನ್ನು ನಾವೇ ತಪ್ಪಾಗಿ ಓದುತ್ತೇವೆಂದ ಮೇಲೆ, ‘ನನ್ನ ಮನಸ್ಸು ನನಗೆ ಗೊತ್ತು’ ಎಂಬ ಜಂಬಕ್ಕೆ ಎಡೆಯೆಲ್ಲಿ?

ಹೀಗೆ ಸೆಳೆತವು ಬಹುಮಟ್ಟಿಗೆ ನಮ್ಮನ್ನು ಕೇಳದೆ ಬರುವಂಥದು. ಹಸಿವಿಗೆ, ನಿದ್ದೆಗೆ ಯಾರನ್ನೂ ನಾವು ದೂಷಿಸುವುದಿಲ್ಲ. ಹಾಗಾದರೆ ಅಮೃತಮತಿಯನ್ನು ಬಿಟ್ಟುಬಿಡೋಣವೆ?

ಉತ್ತರವನ್ನು ಜನ್ನನ ಕಾವ್ಯದಲ್ಲಿಯೇ ಹುಡುಕಬಹುದು. ಹೆಂಡತಿಯ ಹಿಂದೆ ನಡೆದು ಅವಳನ್ನು ಮಾವತನೊಡನೆ ಕಂಡ ಯಶೋಧರನ ಕೈ ಕತ್ತಿಗೆ ಹೋಯಿತು. ಆ ಸಿಟ್ಟೂ ಅವನು ಕರೆದು ಬಂದದ್ದಲ್ಲ. ಆದರೆ ಎತ್ತಿದ ಕತ್ತಿಯನ್ನು ಅವನು ತಡೆದ. ಅದು ಅವನದೇ ಕೆಲಸ. ಇದೇ ಅರಸು ಮುಂದೆ, ತಾಯಿಯ ಮಾತಿಗೆ ಕಟ್ಟುಬಿದ್ದು, ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು, ಅದರ ಫಲವಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾನೆ. ಹಿಟ್ಟಿನ ಕೋಳಿಯನ್ನು ಕಡಿದರೆ ಪಾಪವೆ? ಹೌದು, ಏಕೆಂದರೆ ಕಡಿಯುವ ಸಂಕಲ್ಪ ಇತ್ತು ಎನ್ನುತ್ತದೆ ಕಾವ್ಯ. ಕೈಯಲ್ಲಿ ಏನಿತ್ತು ಎಂಬುದಕ್ಕಿಂತ ಮನಸ್ಸು ಯಾವುದಕ್ಕೆ ಒಪ್ಪಿಗೆ ಕೊಟ್ಟಿತು ಎಂಬುದೇ ಅಲ್ಲಿ ಲೆಕ್ಕಕ್ಕೆ ಬರುವುದು. ಈ ಅಳತೆಗೋಲನ್ನು ರಾಣಿಗೂ ಹಿಡಿದರೆ, ಹಾಡು ಕೇಳಿ ಅವಳ ಮನಸ್ಸು ಕದಡಿದ್ದು ಸಂಕಲ್ಪವಲ್ಲ. ಗಂಡನ ಅನ್ನಕ್ಕೆ ವಿಷ ಬೆರೆಸಿದ್ದು ಸಂಕಲ್ಪ. ಮೊದಲನೆಯದಕ್ಕೆ ಮರುಕ ಸಲ್ಲುತ್ತದೆ. ಎರಡನೆಯದಕ್ಕೆ ಯಾವ ವಿಜ್ಞಾನವೂ ವಕಾಲತ್ತು ಹಾಕಲಾರದು. ನಡುವಣ ಹೆಜ್ಜೆ, ಎಂದರೆ ಎದ್ದು ಹೋದದ್ದು, ಒಪ್ಪಿಗೆಯ ಕಡೆಗೇ ಸೇರುತ್ತದೆ.

ಆದರೆ ಇಷ್ಟಕ್ಕೇ ನಿಂತರೆ ನಾವು ನಮ್ಮನ್ನು ತೀರ ಅಗ್ಗವಾಗಿ ಬಿಟ್ಟುಕೊಂಡಂತಾಗುತ್ತದೆ. ಸೆಳೆತವೆಲ್ಲ ಹುಟ್ಟಿನಿಂದ ಬಂದುದಲ್ಲ. ಅದಕ್ಕೆ ಪಾಠ ಹೇಳಿದವರೂ ಇದ್ದಾರೆ. ಮತ್ತೆ ಮತ್ತೆ ಕಂಡದ್ದು ಬರಬರುತ್ತ ಹಿತವಾಗುತ್ತದೆ ಎಂದು ರಾಬರ್ಟ್ ಝಾಯೋನ್ಸ್ ೧೯೬೮ರಲ್ಲಿ ತೋರಿಸಿದ. ಚೆಲುವಾದ ಮುಖದವರ ಗುಣವೂ ಒಳ್ಳೆಯದೇ ಇರಬೇಕೆಂದು ಜನ ಊಹಿಸುತ್ತಾರೆ ಎಂಬುದು ೧೯೭೨ರಲ್ಲಿ ಅಮೆರಿಕದ ಮೂವರು ಸಂಶೋಧಕಿಯರಿಗೆ ಕಂಡುಬಂತು; ಬರಿಯ ಭಾವಚಿತ್ರ ನೋಡಿ ಶೀಲವನ್ನು ಅಳೆದಿದ್ದರು ವಿದ್ಯಾರ್ಥಿಗಳು. ನಾವೇನು ಕಡಿಮೆ? ಹೆಣ್ಣು ನೋಡಲು ಹೋಗುತ್ತೇವೆ; ಉಪ್ಪಿಟ್ಟು ಕಾಫಿ ಮುಗಿಯುವಷ್ಟರಲ್ಲಿ ಒಂದು ಜನ್ಮದ ತೀರ್ಪು ಸಿದ್ಧವಾಗಿರುತ್ತದೆ. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ ಬೆಳ್ಳಗಿರಬೇಕೆಂದು ಬರೆಯುವವನಿಗೆ ಅದು ತನ್ನ ಸಹಜವಾದ ಅಭಿರುಚಿ ಎನಿಸುತ್ತದೆ. ಅವನ ಕಣ್ಣಿಗೆ ಆ ಪಾಠವನ್ನು ಹೇಳಿಕೊಟ್ಟವರು ಮನೆಯ ಹಿರಿಯರು, ಸಿನಿಮಾ, ಮುಖಕ್ಕೆ ಹಚ್ಚುವ ಕ್ರೀಮಿನ ವ್ಯಾಪಾರಿ. ‘ಹುಡುಗಿ ಸ್ವಲ್ಪ ಕಪ್ಪು’ ಎಂಬ ಮಾತನ್ನು ಐದಾರು ಮನೆಯಿಂದ ಕೇಳಿದ ಹೆಣ್ಣುಮಗಳಿಗೆ, ಆಕರ್ಷಣೆ ಯಾರ ಕೈಯಲ್ಲೂ ಇಲ್ಲವೆಂದು ಹೇಳಿದರೆ ಯಾವ ಸಮಾಧಾನ? ಆ ಕ್ಷಣದ ಮೆಚ್ಚುಗೆ ನಮ್ಮ ಕೈಯಲ್ಲಿಲ್ಲದಿರಬಹುದು. ಕಣ್ಣಿನ ರೂಢಿ ವರ್ಷಗಳಿಂದ ಬೆಳೆದುದು. ಬೆಳೆದುದನ್ನು ತಿದ್ದುವುದು ನಿಧಾನದ ಕೆಲಸ, ಅಸಾಧ್ಯದ ಕೆಲಸವಲ್ಲ. ಮತ್ತೆ ಮತ್ತೆ ಕಂಡದ್ದು ಹಿತವಾಗುವುದಾದರೆ, ಒಂದು ಸಂಜೆಯ ಬದಲು ನಾಲ್ಕು ಸಲ ಕುಳಿತು ಮಾತನಾಡಿದ ಮೇಲೆ ಅದೇ ಮುಖ ಬೇರೆಯಾಗಿ ಕಾಣಲೂಬಹುದು.

ಹಾಗೆಂದು ಸೆಳೆತವನ್ನೇ ಶತ್ರುವೆಂದು ಬಗೆದು ಅದುಮಿಡುವವರ ದಾರಿಯೂ ಕ್ಷೇಮಕರವಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾ ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು ಇದೆ. ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. ಎಲ್ಲಿಯೋ ಸುರಿದ ಮಳೆ, ಯಾರೋ ಬಿಟ್ಟ ನೀರು; ಸೊನ್ನದವರು ಅದನ್ನು ಬೇಡ ಎನ್ನುವಂತಿಲ್ಲ. ಅವರ ಕೈಯಲ್ಲಿರುವುದು ಗೇಟು ಮಾತ್ರ. ಪ್ರವಾಹ ಬಂದಾಗ ಗೇಟುಗಳನ್ನು ಬಿಗಿದು ಕುಳಿತರೆ ನೀರು ದಂಡೆ ಮೀರಿ ಊರಿಗೆ ನುಗ್ಗುತ್ತದೆ. ಸದಾ ಎತ್ತಿಯೇ ಇಟ್ಟರೆ ಬೇಸಿಗೆಯಲ್ಲಿ ಹೊಲಕ್ಕೆ ಹನಿ ಇರುವುದಿಲ್ಲ. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬ ವಿವೇಕದ ಮೇಲೆ ಕೆಳಗಿನ ಊರುಗಳ ಬದುಕು ನಿಂತಿದೆ.

ನಮ್ಮ ಮೈಯೂ ಇಂಥ ಒಂದು ಹೊಳೆ. ಅದರ ನೀರು ಎಲ್ಲಿಂದ ಬರುತ್ತದೆಂಬುದನ್ನು ವಿಜ್ಞಾನ ಇಂದು ಸ್ವಲ್ಪ ಸ್ವಲ್ಪವಾಗಿ ಹೇಳತೊಡಗಿದೆ. ಆ ತಿಳಿವಳಿಕೆಯಿಂದ ಎರಡು ಲಾಭಗಳುಂಟು. ಮನಸ್ಸು ಕದಡಿದ ಮಾತ್ರಕ್ಕೆ ಯಾರನ್ನೂ, ನಮ್ಮನ್ನು ನಾವೂ, ಪಾಪಿಯೆಂದು ಹಳಿಯದೆ ಇರಬಹುದು. ಗೇಟು ಎತ್ತಿದ ಮೇಲೆ ಹೊಳೆಯ ಮೇಲೆ ತಪ್ಪು ಹೊರಿಸುವ ಚಾಳಿಯನ್ನೂ ಬಿಡಬಹುದು. ಸೆಳೆತಕ್ಕೆ ನಾವು ಹೊಣೆಗಾರರಲ್ಲ. ಸೆಳೆತವನ್ನು ನೆಪಮಾಡಿಕೊಂಡು ಇನ್ನೊಬ್ಬರ ಬಾಳಿಗೆ ಏನು ಮಾಡಿದೆವೆಂಬುದಕ್ಕೆ ಹೊಣೆಗಾರರು ನಾವೇ.